ಬೇಡ ಎನ್ನದ ಊರು

ನಮ್ಮೂರಿನಲ್ಲಿ ಯಾರೂ ‘ಬೇಡ’ ಎನ್ನುವುದಿಲ್ಲ. ಬಡಿಸುವವಳು ಮೂರನೆಯ ಸಲ ಪಲ್ಯ ತಂದರೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವಂತಿಲ್ಲ, ‘ಒಂದೀಟು ತಡದು ಹಾಕ್ರಿ’ ಅನ್ನಬೇಕು. ಹೊರಗಿನಿಂದ ಬಂದ ಸೊಸೆಯಂದಿರು ಮೊದಲ ವರ್ಷವೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಲೇ ಇರುತ್ತಾರೆ. ಇದು ಮರ್ಯಾದೆಯ ಮಾತಲ್ಲ, ನಾವು ಅಂಥ ಮರ್ಯಾದಸ್ಥರೂ ಅಲ್ಲ. ನಮ್ಮೂರಿನಲ್ಲಿ ಯಾರಿಗೂ ಬೇಡವಾದದ್ದು ಉಳಿಯುವುದಿಲ್ಲ, ಅಷ್ಟೇ. ಮೊದಲು ತೆಳ್ಳಗಾಗುತ್ತದೆ, ಆಮೇಲೆ ಒಂದು ಬೆಳಗ್ಗೆ ಇರುವುದಿಲ್ಲ. ನಾನು ಸಣ್ಣವಳಿದ್ದಾಗ ತಂತಿ ಕಚೇರಿ ಹೀಗೇ ಹೋಯಿತು. ಅದರ ಜಾಗದಲ್ಲಿ ಹುಲ್ಲು ಬೆಳೆದಿದೆ, ಪಾಯದ ಗುರುತೂ ಇಲ್ಲ. ತಂತಿ ಮಾಸ್ತರರು ಮಾತ್ರ ಉಳಿದರು. ಅವರಿಗೆ ಚದುರಂಗ ಬರುತ್ತಿತ್ತು, ಬಡಿಗೇರ ಓಣಿಯಲ್ಲಿ ಆಟಕ್ಕೆ ಒಬ್ಬರು ಕಡಿಮೆ ಇದ್ದರು.

ಹೀಗಾಗಿ ಒಬ್ಬರನ್ನೊಬ್ಬರು ಏನಾದರೂ ಕೇಳುತ್ತಲೇ ಇರುವುದು ನಮಗೆ ರೂಢಿ. ಮನೆಯಲ್ಲಿ ಗಡಿಗೆ ತುಂಬ ಮೊಸರಿದ್ದರೂ ಪಕ್ಕದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ಕೇಳಿ ತರುತ್ತೇವೆ. ನಮ್ಮವ್ವ ಸಾರಿಗೆ ಬೇಕಂತಲೇ ಉಪ್ಪು ಕಡಿಮೆ ಹಾಕಿ ಅಜ್ಜಿಯನ್ನು ಒಲೆಯ ಹತ್ತಿರ ಕರೆಯುತ್ತಿದ್ದಳು. ಅಜ್ಜಿ ಒಂದು ಹನಿ ಅಂಗೈಗೆ ಬಿಟ್ಟುಕೊಂಡು, ‘ಇಷ್ಟು ವರ್ಷಾತು, ಉಪ್ಪು ಎಷ್ಟು ಹಾಕಬೇಕನ್ನೋದು ತಿಳಿವಲ್ದು ನಿನಗ’ ಎಂದು ಗೊಣಗಿ ತಾನೇ ಹಾಕುತ್ತಿದ್ದಳು. ಆ ಅಜ್ಜಿ ತೊಂಬತ್ತು ದಾಟಿ, ಎಲ್ಲರಂತೆ ಕಾಯಿಲೆ ಬಿದ್ದು, ಎಲ್ಲರಂತೆ ಸತ್ತಳು. ನಮ್ಮೂರಿನಲ್ಲಿ ಹೆಣವಾಗಿ ಹೊರಡುವುದು ಒಂದು ಭಾಗ್ಯ.

ಊರ ಹೊರಗಿನ ದಿಬ್ಬದ ಮೇಲೆ ಕಂಪ್ಯೂಟರಿನ ಚಿಪ್ಪು ಮಾಡುವ ಕಾರ್ಖಾನೆ ಬಂದಾಗ ಹಿರಿಯರು ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ. ಕಿರುಬೆರಳಿನ ಉಗುರಿನಷ್ಟು ದೊಡ್ಡ ಚೂರು. ಕ್ಷಿಪಣಿಯ ಮೂತಿಯಲ್ಲೂ ಅದೇ, ಹಾಲಿನ ಡೈರಿಯ ತೂಕದ ಯಂತ್ರದಲ್ಲೂ ಅದೇ. ಇಡೀ ದೇಶದಲ್ಲಿ ಅದನ್ನು ಮಾಡುವುದು ನಮ್ಮೂರೊಂದೇ. ದೇಶಕ್ಕೇ ನಾವು ಬೇಕಾದ ಮೇಲೆ ಇನ್ನೇನು ಚಿಂತೆ? ಆದರೂ ನಮ್ಮವರು ಅನುಮಾನದ ಜನ. ‘ನಾವು ಬೇಕು ಅನ್ನೋದನ್ನ ಅಲ್ಲಿ ಕುಂತು ಹೇಳಾಕ ನಮ್ಮಾಕಿ ಒಬ್ಬಾಕಿ ಇರಲಿ’ ಎಂದು, ಲೆಕ್ಕದಲ್ಲಿ ಚುರುಕಾಗಿದ್ದ ನನ್ನನ್ನು ಓದಿಸಿ ರಾಜಧಾನಿಗೆ ಕಳಿಸಿದರು. ನಾನು ಅರ್ಥಶಾಸ್ತ್ರ ಓದಿ ಭದ್ರತಾ ಮಂಡಳಿ ಸೇರಿದೆ. ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದೆ.

ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಎಲ್ಲರಿಗೂ ನಾವು ಬೇಕಾಗಿರಬೇಕು, ನಮಗೆ ಯಾರೂ ಬೇಕಾಗಿರಬಾರದು. ದೇಶದ ಭದ್ರತೆ ಅಂದರೆ ಇದೇ. ಉಳಿದದ್ದೆಲ್ಲ ಇದಕ್ಕೆ ಕಟ್ಟಿದ ಕುಚ್ಚು, ಝಾಲರಿ. ಯಾವ ಯಂತ್ರ ಯಾರಿಂದ ಬರುತ್ತದೆ, ಅವರು ಮುನಿಸಿಕೊಂಡರೆ ನಮ್ಮ ಗತಿ ಏನು, ನಾವು ಮುನಿಸಿಕೊಂಡರೆ ಅವರ ಗತಿ ಏನು, ಇದನ್ನೇ ಹಗಲೆಲ್ಲ ಲೆಕ್ಕ ಹಾಕುತ್ತಿದ್ದೆ. ಹಾಕುತ್ತ ಹಾಕುತ್ತ ನಾನೂ ಹಾಗೇ ಆದೆ. ಮದುವೆಯಾಗಲಿಲ್ಲ. ಜ್ವರ ಬಂದರೆ ನಾನೇ ಎದ್ದು ಗಂಜಿ ಕಾಯಿಸಿಕೊಳ್ಳುತ್ತಿದ್ದೆ. ಯಾರನ್ನೂ ಏನೂ ಕೇಳಬೇಕಾಗಿ ಬರಲಿಲ್ಲ ಎಂಬ ಹೆಮ್ಮೆ ನನಗೆ ಬಹಳ ಇತ್ತು. ರಾಜಧಾನಿಯಲ್ಲಿ ನಮ್ಮೂರಿನ ಹಾಗೆ ಏನೂ ಆಗುವುದಿಲ್ಲವಲ್ಲ, ಬೇಡವಾದವರೂ ಅಲ್ಲಿ ಆರಾಮಾಗಿ ತಿಂದುಂಡು ಓಡಾಡಿಕೊಂಡಿರುತ್ತಾರೆ.

ನನಗೆ ಇದ್ದವನು ಅಣ್ಣ ಒಬ್ಬನೇ, ಗುರುಸಿದ್ದಪ್ಪ. ಕಾರ್ಖಾನೆಯ ಹಳದಿ ದೀಪದ ಕೋಣೆಯೊಂದರಲ್ಲಿ, ಚಿಪ್ಪಿನ ಮೇಲೆ ಬೆಳಕಿನಿಂದ ಗೆರೆ ಮೂಡಿಸುವ ಕಡೆ ಇದ್ದ. ಅತ್ತಿಗೆ ಮಕ್ಕಳಾಗದೆ ತೀರಿಕೊಂಡ ಮೇಲೆ ಅವನಿಗೆ ಆ ಕೋಣೆಯೇ ಸಂಸಾರ. ಬಾಯಿ ಮಾತ್ರ ಬಲು ಜೋರು. ರಜೆಗೆ ಹೋದರೆ ನಾನು ಚಪ್ಪಲಿ ಬಿಡುವ ಮೊದಲೇ ನನ್ನ ತಪ್ಪು ಎಣಿಸಲು ಶುರು ಮಾಡುತ್ತಿದ್ದ. ಹೀಗಾಗಿ ನಾನು ರಜೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಆಮೇಲೆ ಸರ್ಕಾರ ಕರಾವಳಿಯಲ್ಲಿ ಎರಡನೆಯ ಕಾರ್ಖಾನೆ ಕಟ್ಟಲು ಹೊರಟಿತು. ಒಂದೇ ಊರನ್ನು ನಂಬಿ ಕೂತರೆ, ನಾಳೆ ಆ ಊರಿಗೆ ಏನಾದರೂ ಆದರೆ ದೇಶದ ಗತಿಯೇನು ಎಂದು ವಾದ. ವಾದದಲ್ಲಿ ತಪ್ಪೇನಿರಲಿಲ್ಲ. ಬೇರೆ ಊರಿನ ಮಾತಾಗಿದ್ದರೆ ನಾನೇ ಹಾಗೆ ಬರೆದುಕೊಡುತ್ತಿದ್ದೆ. ಆದರೂ ವರ್ಷಗಟ್ಟಲೆ ಕಾದಾಡಿದೆ, ಸೋತೆ. ಸೋತರೂ ಒಂದನ್ನು ದಕ್ಕಿಸಿಕೊಂಡೆ. ಆಪತ್ಕಾಲಕ್ಕೆ ಇರಲಿ ಎಂದು ನಮ್ಮೂರಿನ ಚಿಪ್ಪನ್ನೂ ಸರ್ಕಾರ ಒಂದಿಷ್ಟು ಕೊಂಡು ಗೋದಾಮಿನಲ್ಲಿ ಇಡಬೇಕು. ಅದನ್ನು ಯಾರೂ ಉಪಯೋಗಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗಡಿಗೆ ತುಂಬ ಮೊಸರಿಟ್ಟುಕೊಂಡು ಹೆಪ್ಪು ಕೇಳುವುದೇ ಅದು, ಸ್ವಲ್ಪ ದೊಡ್ಡ ಪ್ರಮಾಣದ್ದು. ತಿಂಗಳಿಗೊಮ್ಮೆ ಸರ್ಕಾರದ ಲಾರಿ ಕಾರ್ಖಾನೆಯ ಬಾಗಿಲಿಗೆ ಬಂದು ಕೇಳಿ ಒಯ್ಯುತ್ತಿರುವವರೆಗೆ ಊರಿಗೆ ಉಳಿವಿತ್ತು. ನಮ್ಮಲ್ಲಿ ಕೇಳುವುದನ್ನು ಬಾಗಿಲಿಗೆ ಬಂದೇ ಕೇಳಬೇಕು. ದೂರದಿಂದ ಕೂಗಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟಾದರೂ ಕೆಲಸ ಅರ್ಧಕ್ಕೆ ಇಳಿಯಿತು. ಹಳದಿ ದೀಪದ ಕೋಣೆಗಳಲ್ಲಿ ಮೊದಲು ಮುಚ್ಚಿದ್ದು ಅಣ್ಣನದು. ಅಲ್ಲಿದ್ದ ಉಳಿದವರಿಗೆ ಹೆಂಡತಿ ಮಕ್ಕಳು ಇದ್ದರು, ಕಟ್ಟಿಗೆ ಒಡೆ, ಕೂಸು ಎತ್ತಿಕೋ ಎಂದು ಹೇಳುವವರು ಇದ್ದರು. ಅಣ್ಣನಿಗೆ ಅದೂ ಇರಲಿಲ್ಲ. ಒಂದು ದಿನ ಎದುರು ಮನೆಯ ಬಂಗಾರೆವ್ವ ನನಗೆ ಫೋನು ಮಾಡಿದಳು.

“ಕಾಶಕ್ಕಾ, ಗುರುಸಿದ್ದಣ್ಣ ತೆಳ್ಳಗಾಗ್ಯಾನವಾ. ಲಗೂನ ಬಾ.”

ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಓಣಿಯ ನಾಯಿ ಅವನ ಕಾಲ ಮೇಲೆಯೇ ಹಾಯ್ದು ಹೋಯಿತು, ಅವನು ಅಲ್ಲಿದ್ದಾನೆಂದು ಅದಕ್ಕೆ ತಿಳಿಯಲಿಲ್ಲ. ಅವನ ಬಿಳಿ ಅಂಗಿಯನ್ನು ಹಾಯ್ದು ಹಿಂದಿನ ಗೋಡೆಯ ಸುಣ್ಣದ ಬಿರುಕು ನನಗೆ ಕಾಣುತ್ತಿತ್ತು. ನನ್ನನ್ನು ನೋಡಿ ಅವನು ಬೈಯಲಿಲ್ಲ, ‘ಬಂದ್ಯಾ’ ಅಂದ, ಅಷ್ಟೇ. ಅದನ್ನು ಕೇಳಿಸಿಕೊಳ್ಳಲು ನಾನು ಬಗ್ಗಬೇಕಾಯಿತು.

ಬಂಗಾರೆವ್ವ ಸುಮ್ಮನೆ ಕೂತವಳಲ್ಲ. ಮಾಳಿಗೆ ಹತ್ತಬೇಕು, ಏಣಿ ಹಿಡಿಯಿರಿ ಎಂದು ಅಣ್ಣನನ್ನು ಕರೆದಿದ್ದಳಂತೆ. ‘ನಿನ್ನ ಮಗ ಕೋಣ ಆಗಿ ಬೆಳದಾನ, ಅವ ಹಿಡೀಲಿ’ ಎಂದನಂತೆ. ತಂತಿ ಮಾಸ್ತರರ ಮಗ ಪಗಡೆಗೆ ಕರೆದಿದ್ದ, ಹೋಗಲಿಲ್ಲ. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೆ ಎಷ್ಟೋ ಅಷ್ಟು ತಪ್ಪಿದರೂ ಕೆಡುವ ಕೆಲಸ ಮಾಡಿ ಬಂದವನು ಅವನು. ಕರುಣೆಗೆ ಕೊಟ್ಟ ಕೆಲಸ ಅವನ ಕೈಗೆ ಹತ್ತಲಿಲ್ಲ.

ನಾನು ಮಾತ್ರ ಬಿಟ್ಟೆನೇ? ಮಿಕ್ಸರಿನ ತಂತಿ ಸಡಿಲಿಸಿ ಅವನ ಮುಂದಿಟ್ಟೆ.

“ಅಣ್ಣಾ, ಇದು ತಿರಗವಲ್ದು. ನೋಡು.”

ಅವನು ನೋಡಿದ. “ನೀನ ಬಿಚ್ಚೀಯಲ್ಲ?”

“ನಾ ಯಾಕ ಬಿಚ್ಚಲಿ?”

“ತಿರುಪು ಎಡಕ್ಕ ಹಾಕೀಯ. ಸಣ್ಣಾಕಿದ್ದಾಗಿಂದ ಹಂಗ ಹಾಕ್ತಿ.” ಎರಡು ನಿಮಿಷದಲ್ಲಿ ಸರಿ ಮಾಡಿ ಕೊಟ್ಟ. “ಕಾಶೀ, ಇಂಥಾದ್ದೆಲ್ಲ ಬಿಡು. ಪ್ಯಾಟ್ಯಾಗ ನೂರು ಮಂದಿ ಅದಾರ ಇದನ್ನ ಮಾಡಾಕ.”

ಅವನು ಹೇಳಿದ್ದು ನಿಜ. ನಾನು ಸಭೆ ಸಭೆಗಳಲ್ಲಿ ಹೇಳಿದ್ದೂ ಅದೇ. ನೂರು ಕಡೆ ಸಿಗುವುದಕ್ಕೆ ಬಲವಿಲ್ಲ. ಒಂದೇ ಕಡೆ ಸಿಗುವುದಿದ್ದರೆ ಅದು ಹಿಡಿದು ನಿಲ್ಲಿಸುತ್ತದೆ. ಬೇರೆಯವರಿಗೆ ಪಾಠ ಹೇಳುವಾಗ ಇದು ಸುಲಭವಾಗಿ ಬಾಯಿಗೆ ಬರುತ್ತಿತ್ತು. ಈಗ ಅಣ್ಣನ ಎದುರು ಕೂತು, ಇವನೊಬ್ಬನಿಂದಲೇ ಆಗುವಂಥದ್ದು ನನಗೆ ಏನು ಬೇಕಾಗಿದೆ ಎಂದು ಹುಡುಕಿದರೆ ತಲೆಗೆ ಏನೂ ಹೊಳೆಯಲಿಲ್ಲ. ಎಲ್ಲವನ್ನೂ ನಾನೇ ಮಾಡಿಕೊಳ್ಳಲು ಕಲಿತುಬಿಟ್ಟಿದ್ದೆ. ಆ ರಾತ್ರಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಅಷ್ಟರಲ್ಲಿ ಮಂಡಳಿಯಿಂದ ಕರೆ ಬಂತು. ಗೋದಾಮು ತುಂಬಿದೆ, ನಮ್ಮೂರಿನ ಖರೀದಿ ಇನ್ನು ಮುಂದೆ ಬೇಕೋ ಬೇಡವೋ ತೀರ್ಮಾನಿಸುತ್ತಾರೆ, ಕೂಡಲೇ ಬನ್ನಿ ಎಂದು. ಖರೀದಿ ನಿಂತರೆ ಕಾರ್ಖಾನೆ ನಿಲ್ಲುತ್ತದೆ, ಕಾರ್ಖಾನೆ ನಿಂತರೆ ಊರು. ನಾನು ಹೋಗುವುದೋ ಇರುವುದೋ ಎಂದು ಒದ್ದಾಡುತ್ತಿದ್ದರೆ ಅಣ್ಣ ನನ್ನ ಚೀಲವನ್ನು ತಂದು ಹೊಸ್ತಿಲಲ್ಲಿ ಇಟ್ಟ. ಎರಡು ಸೀರೆ ಇದ್ದ ಆ ಚೀಲ ಎತ್ತಲು ಅವನಿಗೆ ಎರಡು ಕೈ ಬೇಕಾಯಿತು.

“ಊರು ದೊಡ್ಡದೋ, ನಾ ದೊಡ್ಡಾವನೋ? ನಡಿ. ನಿನ್ನ ಓದಿಸಿದ್ದು ಇದಕ್ಕ.”

ಬಂಗಾರೆವ್ವನ ಕೈ ಹಿಡಿದು, ದಿನಾ ಬಂದು ಏನಾದರೂ ಕೇಳುತ್ತಿರು ಎಂದು ಹೇಳಿ ಬಸ್ಸು ಹತ್ತಿದೆ. ಅಣ್ಣ ನಿಲ್ದಾಣದವರೆಗೆ ಬಂದಿದ್ದ. ಕಂಡಕ್ಟರ ಅವನು ನಿಂತ ಜಾಗದಲ್ಲೇ ಒಂದು ಗೋಣಿಚೀಲ ಇಡಲು ಹೋದ. ಅಣ್ಣನೇ ಪಕ್ಕಕ್ಕೆ ಸರಿದುಕೊಂಡ.

ಮಂಡಳಿಯ ಅಧ್ಯಕ್ಷರು ಕೆಟ್ಟವರಲ್ಲ. ನನ್ನ ಮಾತನ್ನೆಲ್ಲ ಕೇಳಿದರು. ಕರಾವಳಿಗೆ ಚಂಡಮಾರುತ ಬಡಿದರೆ, ಯುದ್ಧವಾಗಿ ಬಂದರು ಮುಚ್ಚಿದರೆ, ಆಗ ದೇಶಕ್ಕೆ ಆಸರೆ ನಮ್ಮೂರು ಎಂದು ನಾನು ಅಂಕಿಗಳ ಸಮೇತ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕಾಶೀಬಾಯಿಯವರೇ, ನೇರವಾಗಿ ಕೇಳ್ತೀನಿ. ಅಲ್ಲಿ ಮಾತ್ರ ಸಿಗುವಂಥದ್ದು, ಬೇರೆ ಎಲ್ಲೂ ಸಿಗದಂಥದ್ದು, ಈಗ ಏನಾದರೂ ಇದೆಯಾ?”

ನಾನು ಅಂಕಿಗಳ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಅವರೇ ಮುಂದುವರಿಸಿದರು. “ನಾಡಿದ್ದು ರಕ್ಷಣಾ ಇಲಾಖೆಯವರು ಬರ್ತಾರೆ. ಇನ್ನೊಂದು ಅವಕಾಶ ಅನ್ನಿ. ನೀವು ಕೂತು ಮಾತಾಡಿದರೆ ಒಂದು ವರ್ಷವಾದರೂ ಮುಂದೂಡಬಹುದು. ನೀವಿಲ್ಲದಿದ್ದರೆ ಆ ಊರಿನ ಪರ ಮಾತಾಡೋರು ಈ ಮಂಡಳಿಯಲ್ಲಿ ಯಾರೂ ಇಲ್ಲ.”

ಸಭೆ ಮುಗಿಸಿ ಹೊರಗೆ ಬಂದರೆ ಬಂಗಾರೆವ್ವನ ಫೋನು. ಅಳುತ್ತಿದ್ದಳು. “ಮುಂಜಾನಿಂದ ಮೂರ ಸಲ ಹೋಗಿ ಬಂದೆ ಕಾಶಕ್ಕಾ. ಕರದ್ರ ‘ಓ’ ಅಂತಾನ. ದನಿ ಬರ್ತೈತಿ, ಎಲ್ಲಿ ಕುಂತಾನ ಅಂತ ಮನಿ ತುಂಬ ಹುಡುಕಬೇಕಾತು. ಹೆಪ್ಪು ಕೊಡ್ರಿ ಅಂದೆ, ಬಟ್ಟಲಾ ಎತ್ತಾಕ ಆಗಲಿಲ್ಲವಾ ಅವಗ. ನಾಳಿ ಅನ್ನೋದು ಕಾಣವಲ್ದು ನನಗ.”

ಜೀವನವಿಡೀ ತೂಗಿ ಅಳೆದು ಹೇಳುವುದೇ ನನ್ನ ಕಸುಬು. ಒಂದು ಕಡೆ ಇಡೀ ಊರು, ಇನ್ನೊಂದು ಕಡೆ ಒಬ್ಬ ಮುದುಕ. ಯಾವ ಮಗು ಬೇಕಾದರೂ ಈ ಲೆಕ್ಕ ಮಾಡುತ್ತದೆ. ನಾನು ಆ ಲೆಕ್ಕ ಮಾಡಿದೆ, ಉತ್ತರವೂ ಬಂತು, ಆದರೆ ಕಾಲು ಬಸ್ ನಿಲ್ದಾಣದ ಕಡೆ ನಡೆದಿತ್ತು. ಅಧ್ಯಕ್ಷರಿಗೆ ಫೋನು ಮಾಡಿ, ನಾಡಿದ್ದು ನಾನಿರುವುದಿಲ್ಲ ಎಂದೆ.

“ಎಷ್ಟು ದೊಡ್ಡ ವಿಷಯ ಇದು, ಗೊತ್ತಿದೆಯೇ ನಿಮಗೆ?”

“ಗೊತ್ತಿದೆ ಸಾರ್. ಈ ವಿಷಯವನ್ನು ನಿಮ್ಮ ಮೇಜಿಗೆ ತಂದವಳೇ ನಾನು.”

ಊರು ಮುಟ್ಟಿದಾಗ ಬಿಸಿಲು ಏರಿತ್ತು. ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಯಾರೂ ಕಾಣಲಿಲ್ಲ. ಅಡುಗೆಮನೆಯಲ್ಲಿ ಇರಲಿಲ್ಲ. ‘ಅಣ್ಣಾ’ ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗುತ್ತ ಪಡಸಾಲೆಗೆ ವಾಪಸು ಬಂದೆ. ಕಿಟಕಿಯ ಹತ್ತಿರ, ಬಿಸಿಲಿನ ಪಟ್ಟಿಯಲ್ಲಿ, ಗೋಡೆಗೆ ಬೆನ್ನು ಆನಿಸಿ ಕೂತಿದ್ದ. ಬಿಸಿಲು ಅವನನ್ನು ಹಾಯ್ದು ನೆಲದ ಮೇಲೆ ಬಿದ್ದಿತ್ತು. ಕಣ್ಣು ಮಾತ್ರ ಇನ್ನೂ ಅವನದೇ. ಅವನ ಎದುರು ನೆಲಕ್ಕೆ ಕುಸಿದು ಕೂತೆ.

“ನೀ ಬೇಕೋ ಅಣ್ಣಾ ನನಗ.”

“ಯಾತಕ್ಕ?” ಎಂದ. ತುಟಿ ನೋಡಿ ತಿಳಿದುಕೊಂಡೆ.

ಯಾತಕ್ಕೆ ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಿಂದೆಯೇ ಹೇಳುತ್ತಿರಲಿಲ್ಲವೇ? ಅಳು ಒತ್ತರಿಸಿ ಬಂತು. ಅತ್ತೆ. ಅಷ್ಟು ವಯಸ್ಸಿನಲ್ಲಿ, ಅಷ್ಟು ಮಂತ್ರಿಗಳ ಮುಂದೆ ನೆಟ್ಟಗೆ ಕೂತ ಹೆಂಗಸು, ಮೂಗು ಸೋರಿಸಿಕೊಂಡು ಕೂಸಿನಂತೆ ಅತ್ತೆ. ಅವನು ಏನೋ ಕೇಳುತ್ತಿದ್ದ. ಹತ್ತಿರ ಹೋದೆ.

“ಸಭೀ ಏನಾತು?”

“ಬಿಟ್ಟು ಬಂದೆ.”

“ಬಿಟ್ಟು ಬಂದಿ ಅಂದ್ರ?”

“ನಾಳಿ ಐತಿ. ನಾ ಇಲ್ಲಾಂದ್ರ ಖರೀದಿ ನಿಲ್ತೈತಿ. ನಿನ್ನ ಸಲುವಾಗಿ ಬಂದೆ.”

ಅವನು ನನ್ನನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಾದದ್ದು ನನಗೆ ಸ್ಪಷ್ಟವಾಗಿ ಕಂಡಿತು.

“ಏನಂದಿ? ನನ್ನ ಸಲುವಾಗಿ? ಊರಿಗೆ ಊರನ್ನ ಅಲ್ಲಿ ಬಿಟ್ಟು ನನ್ನ ಸಲುವಾಗಿ ಬಂದ್ಯಾ? ಹುಚ್ಚಿ! ತಲೀಯೊಳಗ ಏನ ತುಂಬ್ಯಾರ ನಿನಗ? ಅಪ್ಪ ಹೊಲಾ ಮಾರಿ ಓದಿಸಿದ್ದು ಇದಕ್ಕೇನ? ಆ ಬಂಗಾರೆವ್ವನ ಮೊಮ್ಮಕ್ಕಳ ಗತಿ ಏನು? ಹಾಂ? ಮಾತಾಡ! ಮಂತ್ರಿಗಳಿಗೆ ಪಾಠ ಹೇಳ್ತಾಳಂತ, ಎರಡೂ ಎರಡೂ ಕೂಡಿಸಾಕ ಬರೂದಿಲ್ಲ ಹುಚ್ಚ ಮಂಗ್ಯಾಗ!”

ಈಗ ಕೇಳಿಸಿಕೊಳ್ಳಲು ಬಗ್ಗುವ ಅಗತ್ಯವಿರಲಿಲ್ಲ. ಕಿಟಕಿಯ ಬಾಗಿಲು ಅದುರುವಂತೆ ಕೂಗುತ್ತಿದ್ದ. ಎದುರು ಮನೆಯಿಂದ ಬಂಗಾರೆವ್ವ ಓಡಿ ಬಂದು ಬಾಗಿಲಲ್ಲಿ ನಿಂತಳು, ಬಾಯಿಗೆ ಸೆರಗು ಹಿಡಿದು. ಅವನು ಎದ್ದು ನಿಂತ. ಬಿಸಿಲಿನ ಪಟ್ಟಿ ನೆಲದ ಮೇಲಿಂದ ಅವನ ಅಂಗಿಯ ಮೇಲಕ್ಕೆ ಬಂತು. ಸಿಟ್ಟಿನಲ್ಲಿ ಅಲ್ಲಿದ್ದ ನೀರಿನ ತಂಬಿಗೆಯನ್ನು ಕಾಲಿನಿಂದ ಒದ್ದ, ಅದು ಠಣ್ ಎಂದು ಅಡುಗೆಮನೆಯವರೆಗೆ ಉರುಳಿತು. ನಾನು ನೆಲದ ಮೇಲೆ ಕೂತು ಅವನನ್ನು ನೋಡುತ್ತಿದ್ದೆ. ರಾಜಧಾನಿಯಲ್ಲಿ ಅಷ್ಟು ವರ್ಷ ಎಲ್ಲರೂ ನನಗೆ ‘ಹೌದು ಮೇಡಂ’ ಅಂದಿದ್ದರು. ಹುಚ್ಚಿ, ಮಂಗ್ಯಾ, ತಪ್ಪು ಮಾಡಿದಿ ಎಂದು ಮುಖಕ್ಕೆ ಹೇಳಬಲ್ಲವನು ಭೂಮಿಯ ಮೇಲೆ ಇವನೊಬ್ಬನೇ ಉಳಿದಿದ್ದ. ಇದಕ್ಕೆ ಕರಾವಳಿಯಲ್ಲಿ ಇನ್ನೊಂದು ಕಾರ್ಖಾನೆ ಕಟ್ಟಲಾಗದು.

“ಬೈಯೋ ಅಣ್ಣಾ,” ಎಂದೆ, “ಇನ್ನೂ ಬೈಯಿ.”

“ಬೈಯದ ಮುತ್ತಿಡ್ಲಿ ಏನ ನಿನಗ?” ಎಂದು ಇನ್ನಷ್ಟು ಬೈದ.

ಖರೀದಿ ನಿಂತಿತು. ಆ ಮಳೆಗಾಲ ಮುಗಿಯುವುದರೊಳಗೆ ದಿಬ್ಬದ ಮೇಲೆ ಕಾರ್ಖಾನೆ ಇರಲಿಲ್ಲ. ಕಾರ್ಖಾನೆಗೆ ಹೋಗುತ್ತಿದ್ದ ಡಾಂಬರು ರಸ್ತೆ ಈಗ ಕಾಲುದಾರಿ. ಬಹಳ ಜನ ಬೇರೆ ಊರಿಗೆ ಹೊರಟುಹೋದರು. ಉಳಿದವರು ಹಿಂದಿಗಿಂತ ಹೆಚ್ಚು ಹೆಪ್ಪು ಕೇಳುತ್ತಾರೆ, ಏಣಿ ಕೇಳುತ್ತಾರೆ, ಜಗಳಕ್ಕಾದರೂ ಕರೆಯುತ್ತಾರೆ. ಕಾರ್ಖಾನೆಯ ಗೇಟು ಕಾಯುತ್ತಿದ್ದ ಯಮನೂರಪ್ಪ ಉಳಿಯಲಿಲ್ಲ. ಅವನೂ ಒಂಟಿ. ಅವನ ಬಾಗಿಲಿಗೆ ಹೋಗಿ ಏನಾದರೂ ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವನ ಹೆಸರು ಬಂದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಪೇಟೆಯಲ್ಲಿ ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ಅದರಲ್ಲಿ ಅನ್ಯಾಯವೇನಿಲ್ಲ. ಮಂಡಳಿಯವರು ಒಂದೆರಡು ಸಲ ಸಲಹೆ ಕೇಳಲು ಕರೆದರು, ಹೋಗಲಿಲ್ಲ.

ಅಣ್ಣನೂ ನನ್ನನ್ನು ಕ್ಷಮಿಸಿಲ್ಲ. ದಿನಾ ಬೆಳಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟು, ದಿಬ್ಬದ ಕಡೆ ನೋಡಿ ಶುರು ಮಾಡುತ್ತಾನೆ. ಹಾಗೆ ಬೈಯುವುದು ನನ್ನನ್ನು ಮೆಚ್ಚಿಸಲಿಕ್ಕಲ್ಲ, ಅವನ ಹೊಟ್ಟೆಯ ಸಿಟ್ಟೇ ಅದು. ಯಮನೂರಪ್ಪನ ಹೆಸರು ಎತ್ತಿ ಬೈಯುವಾಗ ಅವನ ಕಣ್ಣಲ್ಲಿ ನೀರಿರುತ್ತದೆ. ನಾನು ಎದುರು ಕೂತು ಎಲ್ಲವನ್ನೂ ಕೇಳುತ್ತೇನೆ, ಒಂದಕ್ಕೂ ಎದುರಾಡುವುದಿಲ್ಲ. ಆದರೆ ಅವನಿಗೂ ವಯಸ್ಸಾಗುತ್ತಿದೆ, ಇತ್ತೀಚೆಗೆ ಮನಸ್ಸು ಮೆತ್ತಗಾಗಿದೆ. ಮೊನ್ನೆ ಬೈಯುತ್ತ ಬೈಯುತ್ತ ನಡುವೆ ನಿಲ್ಲಿಸಿ, ‘ಹೋಗ್ಲಿ ಬಿಡು, ನೀನರ ಏನ ಮಾಡ್ತಿ’ ಅಂದ. ಅವನ ಅಂಗಿಯ ಹಿಂದೆ ಗೋಡೆ ಕಾಣುತ್ತದೆಯೇ ಎಂದು ನಾನು ಬಗ್ಗಿ ನೋಡಿದೆ. ಯುದ್ಧ, ಬರ, ಚಂಡಮಾರುತ, ಎಲ್ಲದಕ್ಕೂ ಉಪಾಯ ಬರೆದುಕೊಟ್ಟವಳು ನಾನು. ಈಗ ನನಗೆ ಉಳಿದಿರುವ ಭಯ ಒಂದೇ, ಎಲ್ಲಿ ಒಂದು ದಿನ ನನ್ನಣ್ಣ ನನ್ನನ್ನು ಕ್ಷಮಿಸಿಬಿಡುತ್ತಾನೋ ಎಂದು.